ಗಾಳ, ಮೀನು ಮತ್ತು ನಮ್ಮ ಹಳ್ಳದ ನೀರು

ಮೀನು ಹಿಡಿಯುವ ವಿಚಾರಕ್ಕೆ ಕಾಫಿ, ಅಡಿಕೆ ಬೆಳೆಗಾರರ ಸಂಘದ ಪತ್ರಿಕೆಯಲ್ಲಿ ಏನು ಕೆಲಸವೆಂದು ಸದಸ್ಯ ಬಾಂಧವರು ಕೇಳಬಹುದು. ಧಾರಣೆ, ಗೊಬ್ಬರ, ಸಾಲ ಮರುಪಾವತಿಗಳ ನಡುವೆ ಗಾಳದ ಮಾತು ತುಸು ವಿಚಿತ್ರವಾಗಿಯೇ ಕಂಡೀತು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳಲ್ಲಿ ಹರಿದ ನೀರು ಹೆಚ್ಚು ಕಡಿಮೆ ಎಲ್ಲವೂ ಸೇರುವುದು ತುಂಗೆಗೆ, ಇಲ್ಲವೆ ಭದ್ರೆಗೆ. ಗಂಗಾಮೂಲದಲ್ಲಿ ಹುಟ್ಟುವ ಈ ಎರಡು ನದಿಗಳು ಬೇರೆ ಬೇರೆ ದಾರಿ ಹಿಡಿದು ಕೂಡ್ಲಿಯಲ್ಲಿ ಮತ್ತೆ ಒಂದಾಗುತ್ತವೆ. ನಡುವೆ ನಾವಿದ್ದೇವೆ. ಹೊಳೆಯ ಮೀನು ನಮ್ಮ ಜಮಾಖರ್ಚಿನಲ್ಲಿ ಬರುವುದಿಲ್ಲ, ನಿಜ. ಆದರೆ ನಾವು ಹಳ್ಳಕ್ಕೆ ಬಿಟ್ಟಿದ್ದು ಮೀನಿನ ಖಾತೆಗೆ ಹೋಗುತ್ತದೆ.

ಮಲೆನಾಡಿನವರಿಗೆ ಮೀನು ಹಿಡಿಯುವುದು ಹೊಸ ವಿದ್ಯೆಯಲ್ಲ. ಮುಂಗಾರಿನ ಮೊದಲ ನೀರಿಗೆ ಏರಿ ಬರುವ ಹತ್ತುಮೀನು, ಕೂಳಿ, ಬಲೆ, ಎರೆಹುಳದ ಗಾಳ ಎಲ್ಲವೂ ನಮ್ಮ ಹಿರಿಯರಿಗೆ ಗೊತ್ತಿದ್ದವೇ. ನಮ್ಮ ತಂದೆಯವರು ಮಾತ್ರ 1960ರ ದಶಕದಲ್ಲಿ, ಸ್ವಾತಂತ್ರ್ಯಾನಂತರವೂ ಇಲ್ಲೇ ಉಳಿದಿದ್ದ ನೆರೆಯ ಬಿಳಿಯ ಪ್ಲಾಂಟರೊಬ್ಬರಿಂದ ಫ್ಲೈ ಫಿಶಿಂಗ್ ಕಲಿತರು. ಇದರಲ್ಲಿ ಎರೆಹುಳವಿಲ್ಲ, ಹಿಟ್ಟಿನ ಉಂಡೆಯಿಲ್ಲ, ಸೀಸದ ಗುಂಡೂ ಇಲ್ಲ. ಹುಂಜದ ಗರಿ, ನೂಲು, ಚೂರು ತುಪ್ಪಳವನ್ನು ಸಣ್ಣ ಕೊಕ್ಕೆಗೆ ಸುತ್ತಿ, ನೊಣವೋ ಮಿಡತೆಯೋ ಮರಿಮೀನೋ ಎಂಬಂತೆ ಕಾಣಿಸುತ್ತಾರೆ. ಅಷ್ಟು ಹಗುರವಾದದ್ದನ್ನು ದೂರಕ್ಕೆ ಎಸೆಯಲು ಬರುವುದಿಲ್ಲವಾದ್ದರಿಂದ ದಾರಕ್ಕೇ ತೂಕವಿರುತ್ತದೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದರೆ ದಾರ ಚಾಟಿಯಂತೆ ಬಿಚ್ಚಿಕೊಂಡು ಹೋಗಿ, ಅದರ ತುದಿಯ ಗರಿಯ ನೊಣ ಮೆಲ್ಲನೆ ನೀರಿನ ಮೇಲೆ ಕೂರುತ್ತದೆ. ನೋಡಲು ಸುಲಭ, ಕಲಿಯುವವರೆಗೆ ಕೊಕ್ಕೆ ಸಿಕ್ಕುವುದೆಲ್ಲ ಹಿಂದಿನ ಗಿಡಕ್ಕೇ.

ತಣ್ಣನೆಯ ದೇಶದ ಈ ಆಟ ನಮ್ಮ ಬಿಸಿಲಿನ ಹೊಳೆಗಳಿಗೆ ಬಂದು ಬಹಳ ಕಾಲವಾಯಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್, ಭಾರತದಲ್ಲಿ ಗಾಳ ಹಾಕುವ ಕಲೆಯ ಬಗ್ಗೆ ಬರೆದ ದೊಡ್ಡ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ನಮ್ಮ ಮಹಶೀರ್ ಮೀನಿನ ಸೆಣಸಾಟದ ಮುಂದೆ ವಿಲಾಯತಿಯ ಸಾಲ್ಮನ್ ಕೂಡ ಕಡಿಮೆಯೆಂದು ಆತನ ತೀರ್ಮಾನ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ನಮ್ಮ ಜಿಲ್ಲೆಯವರೇ ಆಗಿ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಗಾಳದ ಹುಚ್ಚು ಓದುಗರೆಲ್ಲರಿಗೂ ತಿಳಿದದ್ದೇ.

ತಂದೆಯವರಿಗೆ ಈಗ 84 ವರ್ಷ. ಮಂಡಿ ನೋವು, ದೃಷ್ಟಿ ಮಂದ. ಹೋದ ಜನವರಿಯಲ್ಲಿ, ಅಡಿಕೆ ಕೊಯ್ಲಿನ ಗಡಿಬಿಡಿ ಇಳಿದ ಮೇಲೆ, ಹರಿಹರಪುರದಿಂದ ಕೆಳಗೆ ತಾವು ಹಿಂದೆ ಗಾಳ ಹಾಕುತ್ತಿದ್ದ ಎರಡು ಮಡುಗಳನ್ನು ಮತ್ತೊಮ್ಮೆ ನೋಡಬೇಕೆಂದರು. "ಮೀನು ಬೇಡ, ಇದೆಯೋ ಇಲ್ಲವೋ ಗೊತ್ತಾದರೆ ಸಾಕು" ಎಂದರು. ಇಲಾಖೆಯಲ್ಲಿ ವಿಚಾರಿಸಿ ಅನುಮತಿ ಪಡೆದು, ಒಂದು ಮುಂಜಾನೆ ಕರೆದುಕೊಂಡು ಹೋದೆವು.

ಮೇಲಿನ ಮಡುವಿನಲ್ಲಿ ನೀರು ತಿಳಿಯಾಗಿತ್ತು. ದಡದ ಅತ್ತಿ ಮರ ನೀರಿನ ಮೇಲೆ ಬಾಗಿತ್ತು. ಬಿದ್ದ ಹಣ್ಣಿಗಾಗಿ ಮಹಶೀರ್ ಅಂಥಲ್ಲಿ ಕಾಯುವುದುಂಟು. ನೊಣವನ್ನು ದಾರಕ್ಕೆ ಕಟ್ಟಲು ತಂದೆಯವರ ಕಣ್ಣು ಸಹಕರಿಸಲಿಲ್ಲ. ಅದನ್ನು ನಾವು ಕಟ್ಟಿಕೊಟ್ಟೆವು. ಆದರೆ ಕೋಲು ಕೈಗೆ ಬಂದ ಮೇಲೆ ಯಾರ ಸಹಾಯವೂ ಬೇಕಾಗಲಿಲ್ಲ. ಬಂಡೆಗೆ ಒರಗಿ ನಿಂತು ಬೀಸಿದರು. ದಾರ ನೇರವಾಗಿ ಹೋಗಿ ಅತ್ತಿಯ ನೆರಳಿನಲ್ಲಿ ಬಿತ್ತು. ಏಳೆಂಟು ಸಲ ಏನೂ ಇಲ್ಲ. ಆಮೇಲೆ ನೀರು ಒಮ್ಮೆ ಉಬ್ಬಿತು, ರೀಲು ಕಿರುಗುಟ್ಟಿತು, ಮೀನು ಮಡುವಿನ ಆಚೆ ಬದಿಗೆ ಒಂದೇ ಓಟ. ಹತ್ತು ನಿಮಿಷ ಸೆಣಸಿ ದಡಕ್ಕೆ ಬಂದದ್ದು ಸುಮಾರು ಎರಡು ಕಿಲೋ ತೂಗಬಹುದಾದ ಮಹಶೀರ್. ದೊಡ್ಡ ಹುರುಪೆ, ಹಿತ್ತಾಳೆಯ ಹೊಳಪು. ನಾವು ಕೈ ಒದ್ದೆ ಮಾಡಿಕೊಂಡು, ಮುಳ್ಳಿಲ್ಲದ ಕೊಕ್ಕೆ ಬಿಡಿಸಿ, ಹರಿವಿಗೆ ಎದುರಾಗಿ ಹಿಡಿದುಕೊಂಡೆವು. ಮೀನು ಉಸಿರು ಸುಧಾರಿಸಿಕೊಂಡು ತಾನಾಗಿ ಜಾರಿ ಹೋಯಿತು. ತಂದೆಯವರು ಮಾತಾಡಲಿಲ್ಲ, ಟೋಪಿ ತೆಗೆದು ಬೆವರು ಒರೆಸಿಕೊಂಡರು.

ಕೆಳಗಿನ ಮಡು ಅಲ್ಲಿಂದ ದೂರವೇನಲ್ಲ. ಆದರೆ ನಡುವೆ ಒಂದು ಹಳ್ಳ ಹೊಳೆಗೆ ಸೇರುತ್ತದೆ. ಹತ್ತಿರ ಬರುವಾಗಲೇ ಕೊಳೆತ ಹಣ್ಣಿನ ಹುಳಿ ವಾಸನೆ. ಹಳ್ಳದ ನೀರು ಕಡುಕಂದು, ಮೇಲೆ ನೊರೆ, ಕಲ್ಲಿನ ಮೇಲೆ ಲೋಳೆ. ಕಾಫಿ ಬೆಳೆಗಾರರಿಗೆ ಈ ವಾಸನೆಯ ಪರಿಚಯ ಹೇಳಬೇಕಾಗಿಲ್ಲ. ಕೆಳಗಿನ ಮಡುವಿನಲ್ಲಿ ತಂದೆಯವರು ಒಂದು ತಾಸು ಬೀಸಿದರು. ಒಂದು ಮೀನೂ ಮೇಲೇಳಲಿಲ್ಲ. "ಇದು ಯಾರ ತೋಟದ ನೀರು?" ಎಂದು ಕೇಳಿದರು. ಆ ಹಳ್ಳಕ್ಕೆ ಸೇರುವ ತೋಟಗಳು ಒಂದೆರಡಲ್ಲ. ಇಂಥವರದೆಂದು ಬೆರಳು ತೋರಿಸುವಂತಿರಲಿಲ್ಲ.

ಒಂದು ದಿನ ಮೀನು ಕಚ್ಚಲಿಲ್ಲವೆಂದರೆ ಏನೂ ಸಾಬೀತಾಗದು. ಆದರೆ ಪಲ್ಪಿಂಗ್ ನೀರಿನ ಗುಣ ಸಾಬೀತಾದ ಸಂಗತಿ. ಹಣ್ಣಿನ ಸಕ್ಕರೆ, ಲೋಳೆ ನೀರಿಗಿಳಿದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಹೆಚ್ಚುತ್ತಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ; ಮೀನಿಗೆ ಉಸಿರು ಕಟ್ಟುತ್ತದೆ. ನಾವು ಪಲ್ಪರ್ ನಡೆಸುವ ಕಾಲಕ್ಕೇ ಹೊಳೆ ಇಳಿಯುತ್ತಿರುತ್ತದೆ ಎಂಬುದು ಇನ್ನೊಂದು ತೊಂದರೆ.

ಮಳೆಗಾಲದ್ದು ತಾಮ್ರದ ಪ್ರಶ್ನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ನಮ್ಮ ಸೀಮೆಗೆ ತಂದುಕೊಟ್ಟವರು ಮೈಸೂರು ಸರ್ಕಾರದ ಲೆಸ್ಲಿ ಕೋಲ್‌ಮನ್. ಅವರ ವರದಿ ಹೊರಬಂದದ್ದು 1910ರಲ್ಲಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದದ್ದೂ ಅವರ ಕಾಲದಲ್ಲೇ. ಆ ಪುಣ್ಯಾತ್ಮರ ಮದ್ದನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಬಿಟ್ಟರೆ ತೋಟ ಉಳಿಯುವುದಿಲ್ಲ. ಆದರೆ ಕರಗಿದ ತಾಮ್ರ ಮೀನಿನ ಕಿವಿರಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ, ಸುಣ್ಣದಂಶ ಕಡಿಮೆಯಿರುವ ಮೃದು ನೀರಿನಲ್ಲಂತೂ ಇನ್ನೂ ಹೆಚ್ಚು. ಘಟ್ಟದ ನೀರು ಮೃದು ನೀರೇ.

ಶೃಂಗೇರಿಯ ತುಂಗಾ ತೀರದಲ್ಲಿ ಭಕ್ತರ ಕೈಯಿಂದ ಮಂಡಕ್ಕಿ ತಿನ್ನುವ ಮೀನುಗಳನ್ನು ನೋಡದವರು ನಮ್ಮಲ್ಲಿಲ್ಲ. ಅಲ್ಲಿ ಗಾಳವಿಲ್ಲ, ಬಲೆಯಿಲ್ಲ. ಕೆಳಗೆ ತೀರ್ಥಹಳ್ಳಿಯ ಹತ್ತಿರ ಚಿಪ್ಪಲಗುಡ್ಡೆಯಲ್ಲೂ ಮತ್ಸ್ಯಧಾಮವಿದೆ. ಆದರೆ ಘಟ್ಟೆಯ ಮೆಟ್ಟಿಲು ಗಾಳವನ್ನು ತಡೆಯಬಲ್ಲುದೇ ಹೊರತು ಮೇಲಿನಿಂದ ಹರಿದು ಬರುವ ನೀರನ್ನು ತಡೆಯಲಾರದು. ಕಾವೇರಿಯ ಗೂನುಬೆನ್ನಿನ ಮಹಶೀರ್‌ನ ಪಾಡು ನೋಡಿ: ಜಗತ್ತಿನಲ್ಲಿ ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲದ ಆ ಮೀನಿಗೆ ವಿಜ್ಞಾನಿಗಳು ಸರಿಯಾದ ಶಾಸ್ತ್ರೀಯ ಹೆಸರು ಗುರುತಿಸಿದ್ದು 2018ರಲ್ಲಿ, ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ತುಂಗಭದ್ರೆಯ ಮಹಶೀರ್ ಬೇರೆ ಜಾತಿ, ಅಷ್ಟು ಕಷ್ಟಕ್ಕೆ ಬಂದಿಲ್ಲ. ಬರುವ ಮೊದಲೇ ಎಚ್ಚರವಾಗುವುದು ಲೇಸು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಪಲ್ಪರ್ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡಬಾರದು. ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಇಳಿಸಿ ಸಂಸ್ಕರಿಸಬೇಕು. ಸಿಪ್ಪೆ ಒಳ್ಳೆಯ ಗೊಬ್ಬರ. ಹೊಳೆಗೆ ಹೋದರೆ ನಷ್ಟ ನಮಗೇ. ಬೋರ್ಡೋ ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ತೊಳೆಯಬಾರದು, ಬೇಕಾದಷ್ಟೇ ಬೆರೆಸಬೇಕು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ ಎಂಬುದು ಎಲ್ಲರಿಗೂ ಗೊತ್ತು. ಆದರೆ ಉಜ್ಜಿದ ಕತ್ತಿಯನ್ನು ಅದ್ದಿ ನೋಡುವ ಹಳೆಯ ಪರೀಕ್ಷೆ ಈಚೆಗೆ ಮರೆತುಹೋಗುತ್ತಿದೆ. ಕತ್ತಿಗೆ ಕೆಂಪು ಲೇಪ ಹತ್ತಿದರೆ ತಾಮ್ರ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಅದು ಅಡಿಕೆ ಗೊನೆಗೂ ಕೆಡುಕು, ಹೊಳೆಗೂ ಕೆಡುಕು. ತೋಟೆ ಸಿಡಿಸುವುದು, ವಿಷ ಹಾಕುವುದು 1897ರ ಕಾಯಿದೆಯ ಕಾಲದಿಂದಲೂ ಅಪರಾಧ. ಕೂಲಿಯವರು ಬ್ಲೀಚಿಂಗ್ ಪುಡಿ ಹಿಡಿದು ಹೊಳೆಗೆ ಹೊರಟರೆ ತಡೆಯುವುದು ಯಜಮಾನರ ಕೆಲಸ.

ಮೀನು ತಿನ್ನುವವರೂ ತಿನ್ನದವರೂ ನಮ್ಮ ಸಂಘದಲ್ಲಿ ಸಮಸಮವಾಗಿಯೇ ಇದ್ದೀರಿ. ಆದರೆ ಆ ಹಳ್ಳದ ನೀರನ್ನು ಕೆಳಗಿನ ಮನೆಯವರು ಎಲ್ಲರೂ ಕುಡಿಯುತ್ತಾರೆ. ಮುಂದಿನ ಕೊಯ್ಲಿನ ಮೊದಲು ಒಂದೊಂದು ಹಳ್ಳದ ತೋಟದವರು ಒಟ್ಟಾಗಿ ಕುಳಿತು ಗುಂಡಿಗಳ ವಿಚಾರ ತೀರ್ಮಾನಿಸಿದರೆ, ಸಂಘದಿಂದ ಆಗಬಹುದಾದ ಸಹಾಯಕ್ಕೆ ನಾವು ಸಿದ್ಧ.