ಪಾಸಿಟಿವ್: ಪದ ಒಂದು, ಅರ್ಥ ಹಲವು

ಪ್ರಯೋಗಾಲಯದ ವರದಿಯಲ್ಲಿ 'ಪಾಸಿಟಿವ್' ಎಂದು ಬರೆದಿದ್ದರೆ ಸಂತೋಷಪಡಬೇಕೇ, ಚಿಂತಿಸಬೇಕೇ? ಮಾತಿನಲ್ಲಿ 'ಪಾಸಿಟಿವ್' ಎಂದರೆ ಒಳ್ಳೆಯದು, 'ನೆಗೆಟಿವ್' ಎಂದರೆ ಕೆಟ್ಟದ್ದು ಎಂಬ ಬಳಕೆಯಿದೆ. ವಿಜ್ಞಾನದಲ್ಲಿ ಇವುಗಳ ಅರ್ಥವೇ ಬೇರೆ.

ಈ ಪದದ ಮೂಲ ಲ್ಯಾಟಿನ್. 'ಇಟ್ಟದ್ದು', 'ಸ್ಥಾಪಿಸಿದ್ದು' ಎಂಬ ಅರ್ಥದಿಂದ 'ಖಚಿತವಾದದ್ದು' ಎಂಬ ಅರ್ಥ ಬೆಳೆಯಿತು.

ಗಣಿತದಲ್ಲಿ ಸೊನ್ನೆಗಿಂತ ದೊಡ್ಡ ಸಂಖ್ಯೆ ಪಾಸಿಟಿವ್, ಕನ್ನಡದಲ್ಲಿ ಧನ. ಸೊನ್ನೆಗಿಂತ ಚಿಕ್ಕದು ಋಣ. ಕ್ರಿ.ಶ. 628 ರಲ್ಲಿ ಬ್ರಹ್ಮಗುಪ್ತನು ಧನ, ಋಣ ಎಂಬ ಪದಗಳನ್ನೇ ಬಳಸಿ ಲೆಕ್ಕದ ನಿಯಮಗಳನ್ನು ಹೇಳಿದ್ದಾನೆ. ಧನವೆಂದರೆ ಸಂಪತ್ತು, ಋಣವೆಂದರೆ ಸಾಲ.

ವಿದ್ಯುತ್ತಿನಲ್ಲಿ ಈ ಹೆಸರುಗಳು ಕೇವಲ ಒಪ್ಪಂದ. 1747 ರ ಸುಮಾರಿಗೆ ಬೆಂಜಮಿನ್ ಫ್ರಾಂಕ್ಲಿನ್, ಉಜ್ಜಿದ ಗಾಜಿನಲ್ಲಿ ಉಂಟಾಗುವ ಆವೇಶವನ್ನು ಪಾಸಿಟಿವ್ ಎಂದು ಕರೆದರು. 1897 ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದಾಗ ಅದರ ಆವೇಶ ಋಣವೆಂದು ತಿಳಿಯಿತು. ಆದ್ದರಿಂದಲೇ ತಂತಿಯಲ್ಲಿ ಎಲೆಕ್ಟ್ರಾನುಗಳು ಹರಿಯುವುದು ಒಂದು ದಿಕ್ಕಿಗೆ, ನಾವು ಗುರುತಿಸುವ ವಿದ್ಯುತ್ ಪ್ರವಾಹ ಅದರ ವಿರುದ್ಧ ದಿಕ್ಕಿಗೆ!

ರಕ್ತದ ಗುಂಪಿನಲ್ಲಿ 'ಪಾಸಿಟಿವ್' ಎಂದರೆ 'ಇದೆ' ಎಂದಷ್ಟೇ ಅರ್ಥ. ಕೆಂಪು ರಕ್ತಕಣಗಳ ಮೇಲೆ 'ಡಿ' ಎಂಬ ಪ್ರತಿಜನಕವಿದ್ದರೆ ಆರ್‌ಎಚ್ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನೆಗೆಟಿವ್ ಆಗಿರುವುದು ರೋಗವಲ್ಲ, ಕೊರತೆಯೂ ಅಲ್ಲ. ಆದರೆ ಗರ್ಭಿಣಿಯು ನೆಗೆಟಿವ್ ಆಗಿದ್ದು ಮಗು ಪಾಸಿಟಿವ್ ಆಗಿದ್ದರೆ ಎಚ್ಚರ ಅಗತ್ಯ. ಹೆರಿಗೆಯಲ್ಲಿ ಮಗುವಿನ ರಕ್ತ ತಾಯಿಯ ರಕ್ತದೊಡನೆ ಬೆರೆತರೆ, ತಾಯಿಯ ದೇಹದಲ್ಲಿ ಪ್ರತಿಕಾಯಗಳು ಹುಟ್ಟಬಹುದು. ಮುಂದಿನ ಮಗುವೂ ಪಾಸಿಟಿವ್ ಆಗಿದ್ದರೆ ಅವು ಅದರ ರಕ್ತಕಣಗಳನ್ನು ನಾಶಮಾಡುತ್ತವೆ. ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ 'ಆಂಟಿ-ಡಿ' ಚುಚ್ಚುಮದ್ದು ಕೊಟ್ಟರೆ ಈ ಅಪಾಯವನ್ನು ಬಹುಪಾಲು ತಡೆಯಬಹುದು. ಗರ್ಭಪಾತವಾದಾಗಲೂ ಇದರ ಬಗ್ಗೆ ವೈದ್ಯರನ್ನು ಕೇಳಬೇಕು.

ರೋಗಪರೀಕ್ಷೆಯಲ್ಲಿ 'ಪಾಸಿಟಿವ್' ಎಂದರೆ ಹುಡುಕಿದ್ದು ಸಿಕ್ಕಿತು ಎಂದರ್ಥ. ಕಫದ ಪರೀಕ್ಷೆಯಲ್ಲಿ ಹುಡುಕುವುದು ಕ್ಷಯದ ರೋಗಾಣುವನ್ನು. ಗರ್ಭಪರೀಕ್ಷೆಯಲ್ಲಿ ಹುಡುಕುವುದು ಒಂದು ಹಾರ್ಮೋನನ್ನು. ಒಂದೇ ಪದ ಒಂದು ಮನೆಗೆ ಆತಂಕವನ್ನು, ಇನ್ನೊಂದು ಮನೆಗೆ ಸಂತಸವನ್ನು ತರಬಹುದು.

'ನೆಗೆಟಿವ್' ಎಂದರೆ ಹುಡುಕಿದ್ದು ಸಿಗಲಿಲ್ಲ ಎಂದರ್ಥವೇ ಹೊರತು, ಖಂಡಿತ ಇಲ್ಲವೆಂದಲ್ಲ. ಎಚ್‌ಐವಿ ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಪ್ರತಿಕಾಯಗಳು ಪತ್ತೆಯಾಗುವಷ್ಟು ಇರುವುದಿಲ್ಲ. ಆಗ ಮಾಡಿದ ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬರಬಹುದು, ಆದರೂ ಸೋಂಕು ಇತರರಿಗೆ ಹರಡಬಹುದು. ಹಾಗೆಯೇ, ಸೋಂಕಿಲ್ಲದವರಲ್ಲೂ ಒಮ್ಮೊಮ್ಮೆ ಪಾಸಿಟಿವ್ ಬರುವುದುಂಟು. ಆದ್ದರಿಂದಲೇ ಬೇರೆ ಪರೀಕ್ಷೆಗಳಿಂದ ಅದನ್ನು ದೃಢಪಡಿಸಿಕೊಳ್ಳುತ್ತಾರೆ.

ಮುಂದಿನ ಬಾರಿ ವರದಿ ಕೈಗೆ ಬಂದಾಗ ಎರಡು ಪ್ರಶ್ನೆ ಕೇಳಿ: ಹುಡುಕಿದ್ದು ಏನನ್ನು? ಮತ್ತೊಮ್ಮೆ ಪರೀಕ್ಷಿಸಬೇಕೇ? ಉತ್ತರ ತಿಳಿದ ಮೇಲೆ ಹಿಗ್ಗುವುದೋ ಚಿಂತಿಸುವುದೋ ನಿರ್ಧರಿಸಿದರಾಯಿತು.