ಬಡವರ ಲೆಕ್ಕ ಬರೆದಿಟ್ಟ ಪೆಟ್ಟಿಗೆ

ಇಂಗ್ಲೆಂಡಿನ ಹಳ್ಳಿಗಳ ಹಳೆಯ ಚರ್ಚುಗಳಲ್ಲಿ ಈಗಲೂ ಓಕ್ ಮರದ ದಪ್ಪ ಪೆಟ್ಟಿಗೆಯೊಂದು ಕಾಣಸಿಗುತ್ತದೆ. ಸುತ್ತ ಕಬ್ಬಿಣದ ಪಟ್ಟಿ, ಮೇಲೆ ಮೂರು ಬೀಗ. ಒಂದರ ಕೀಲಿ ಪಾದ್ರಿಯ ಬಳಿ, ಉಳಿದೆರಡು ಚರ್ಚಿನ ಇಬ್ಬರು ವಾರ್ಡನ್‌ಗಳ ಬಳಿ. ಮೂವರೂ ಸೇರದೆ ಅದು ತೆರೆಯುತ್ತಿರಲಿಲ್ಲ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಿಂದ ತಮ್ಮ ಪೂರ್ವಿಕರ ಊರು ಹುಡುಕಿ ಬರುವವರಿಗೆ ಬೇಕಾದದ್ದು ಈ ಪೆಟ್ಟಿಗೆಯೊಳಗಿದ್ದ ಕಾಗದಗಳು. ಅವುಗಳಲ್ಲಿ ಹೆಚ್ಚಿನವು ಇಂದು ಕೌಂಟಿಗಳ ದಾಖಲೆ ಕಚೇರಿಗಳಲ್ಲಿ ಭದ್ರವಾಗಿವೆ.

ಒಂದು ಚರ್ಚಿಗೆ ಸೇರಿದ ಊರನ್ನು ಪ್ಯಾರಿಷ್ ಎನ್ನುತ್ತಾರೆ. ಪ್ರತಿ ಪ್ಯಾರಿಷ್ ಜ್ಞಾನಸ್ನಾನ, ಮದುವೆ, ಸಮಾಧಿಗಳನ್ನು ವಾರವಾರ ಬರೆದಿಡಬೇಕೆಂದು 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅದಕ್ಕೆ ಹಿಂದಿನ ಮೂರು ಶತಮಾನಗಳ ಕೂಲಿಕಾರನ ಹೆಸರು ಎಲ್ಲಾದರೂ ಉಳಿದಿದ್ದರೆ ಬಹುಮಟ್ಟಿಗೆ ಈ ಪುಸ್ತಕಗಳಲ್ಲೇ.

ಹುಡುಕಾಟ ಇಂದಿನಿಂದ ಹಿಂದಕ್ಕೆ ಸಾಗಬೇಕು. 1841ರ ಜನಗಣತಿ ದೊಡ್ಡವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಿತು, ಹುಟ್ಟೂರನ್ನು ಕೇಳಲೇ ಇಲ್ಲ. 1851ರದ್ದು ಹುಟ್ಟಿದ ಪ್ಯಾರಿಷ್ ಯಾವುದೆಂದು ಕೇಳಿತು. ಆ ಒಂದು ಕಲಮಿನಿಂದಲೇ ಎಷ್ಟೋ ಕುಟುಂಬಗಳ ದಾರಿ ತೆರೆದುಕೊಳ್ಳುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಒಂದೇ ಊರಿನಲ್ಲಿ ನಾಲ್ಕಾರು ಜಾನ್‌ಗಳು, ವಿಲಿಯಮ್‌ಗಳು ಇರುತ್ತಾರೆ. ಜ್ಞಾನಸ್ನಾನದ ಪುಟದಲ್ಲಿ ಹೆಸರು ಸಿಕ್ಕಿದ ಕೂಡಲೇ ಹಿಗ್ಗದೆ, ಆ ಮಗು ಚಿಕ್ಕಂದಿನಲ್ಲೇ ತೀರಿಕೊಂಡಿತೇ ಎಂದು ಸಮಾಧಿಯ ಪುಟವನ್ನೂ ನೋಡಬೇಕು. ಹಾಗೆ ನೋಡದೆ ಕಟ್ಟಿದ ವಂಶವೃಕ್ಷಗಳು ಇಂಟರ್‌ನೆಟ್ಟಿನಲ್ಲಿ ರಾಶಿಯಾಗಿವೆ.

ಪೆಟ್ಟಿಗೆಯಲ್ಲಿ ನನ್ನನ್ನು ಅತಿ ಹೆಚ್ಚು ಕಲಕಿದವು ಬಡತನದ ಕಾಗದಗಳು. 1662ರ ಕಾಯ್ದೆಯಂತೆ ನಿರ್ಗತಿಕನಾದವನನ್ನು ಸಾಕುವ ಹೊಣೆ ಅವನ ನೆಲೆಯ ಪ್ಯಾರಿಷ್‌ನದು. ಆ ನೆಲೆ ಯಾವುದೆಂದು ತೀರ್ಮಾನಿಸಲು ಮ್ಯಾಜಿಸ್ಟ್ರೇಟರು ಅವನನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದರು: ಎಲ್ಲಿ ಹುಟ್ಟಿದೆ, ಯಾರ ಹೊಲದಲ್ಲಿ ವರ್ಷವಿಡೀ ಸಂಬಳಕ್ಕಿದ್ದೆ, ಎಷ್ಟು ಕೊಟ್ಟರು, ಯಾರನ್ನು ಮದುವೆಯಾದೆ, ಮಕ್ಕಳೆಷ್ಟು. ಒಂದೇ ಹಾಳೆಯಲ್ಲಿ ಒಬ್ಬ ಆಳಿನ ಇಡೀ ಬದುಕು. ಕೆಳಗೆ ಸಹಿಯ ಜಾಗದಲ್ಲಿ ಓದುಬರಹ ಬಾರದವನ ಗುಣಿಸು ಗುರುತು. ಹಣ ಖರ್ಚಾಗುತ್ತದೆಂಬ ಭಯಕ್ಕೆ ಊರು ಬರೆದಿಟ್ಟ ಕಾಗದವೇ ಇಂದು ಅವನ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಆಸ್ತಿಯಾಗಿದೆ.

ವಲಸೆಯ ಸುಳಿವೂ ಅಲ್ಲೇ ಇದೆ. ಕೂಲಿ ಇಳಿದು, ಒಕ್ಕಣೆ ಯಂತ್ರಗಳು ಚಳಿಗಾಲದ ಕೆಲಸವನ್ನೂ ಕಸಿದಾಗ 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಕಾರರು ದಂಗೆ ಎದ್ದರು. ಬಡವರನ್ನು ವರ್ಷವರ್ಷ ಸಾಕುವುದಕ್ಕಿಂತ ಒಮ್ಮೆ ಹಡಗಿನ ಖರ್ಚು ಕೊಡುವುದು ಅಗ್ಗ ಎಂದು ಅನೇಕ ಊರುಗಳು ಲೆಕ್ಕ ಹಾಕಿದವು. 1834ರ ಬಡವರ ಕಾಯ್ದೆ ಅದಕ್ಕಾಗಿ ಸಾಲ ಎತ್ತಲೂ ಅನುಮತಿ ಕೊಟ್ಟಿತು. ಸಸೆಕ್ಸ್‌ನ ಪೆಟ್‌ವರ್ತ್‌ನಲ್ಲಿ ಎಗ್ರೆಮಾಂಟ್ ಅರ್ಲ್‌ನ ಹಣಬಲದಿಂದ ಪಾದ್ರಿ ಥಾಮಸ್ ಸಾಕೆಟ್ 1832ರಿಂದ 1837ರವರೆಗೆ ಸುಮಾರು 1,800 ಜನರನ್ನು ಇಂದಿನ ಒಂಟಾರಿಯೊಗೆ ಕಳಿಸಿದ. ಅವರು ಮನೆಗೆ ಬರೆದ, ಬರೆಸಿದ ಪತ್ರಗಳನ್ನು ಆಗಲೇ ಅಚ್ಚು ಹಾಕಿಸಿದ್ದರಿಂದ ಸಾಮಾನ್ಯ ಕೂಲಿಕಾರರ ಮಾತು ನಮ್ಮ ಕಾಲದವರೆಗೂ ಉಳಿದಿದೆ.

ಎಲ್ಲರೂ ದಡ ಸೇರಲಿಲ್ಲ. ನ್ಯೂಜಿಲೆಂಡಿಗೆ ಹೊರಟಿದ್ದ ಕಾಸ್‌ಪ್ಯಾಟ್ರಿಕ್ ಹಡಗು 1874ರ ನವೆಂಬರ್‌ನಲ್ಲಿ ನಡುಸಮುದ್ರದಲ್ಲಿ ಹೊತ್ತಿ ಉರಿಯಿತು. 470ಕ್ಕೂ ಹೆಚ್ಚು ಜನರಲ್ಲಿ ಬದುಕುಳಿದವರು ಮೂವರೇ. ಆಕ್ಸ್‌ಫರ್ಡ್‌ಶೈರ್‌ನ ಶಿಪ್ಟನ್-ಅಂಡರ್-ವಿಚ್‌ವುಡ್ ಎಂಬ ಒಂದೇ ಹಳ್ಳಿ 17 ಮಂದಿಯನ್ನು ಕಳೆದುಕೊಂಡಿತು. ಊರಿನಲ್ಲಿ ಅವರ ಸ್ಮಾರಕವಿದೆ.

ಹೊರಟವರ ಪಟ್ಟಿಗಾಗಿ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಹೋದರೆ ವ್ಯವಸ್ಥಿತವಾಗಿ ಸಿಗುವುದು 1890ರಿಂದ ಈಚಿನವು. ಅದಕ್ಕೂ ಹಿಂದಿನವರನ್ನು ಇಳಿದ ದಡದಲ್ಲೇ ಹುಡುಕುವುದು ಲೇಸು. ಸರ್ಕಾರದ ಖರ್ಚಿನಲ್ಲಿ ಬಂದವರ ಬಗ್ಗೆ ನ್ಯೂ ಸೌತ್ ವೇಲ್ಸ್ ಇಟ್ಟ ಹಲವು ಪಟ್ಟಿಗಳು ಹುಟ್ಟೂರು, ತಂದೆತಾಯಿಯ ಹೆಸರನ್ನೂ ಹೇಳುತ್ತವೆ.

ಈ ಜಾಡು ಕೋಲಾರಕ್ಕೂ ಬರುತ್ತದೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ನಡೆಸಿದ ಚಿನ್ನದ ಗಣಿಗಳಿಗೆ ಕಾರ್ನ್‌ವಾಲಿನ ತವರ, ತಾಮ್ರದ ಗಣಿಗಳಲ್ಲಿ ಪಳಗಿದವರು ಬಂದಿದ್ದರು. ಇಂಡಿಯಾದ ಚರ್ಚುಗಳಿಂದ ಲಂಡನ್ನಿಗೆ ಹೋದ ಜ್ಞಾನಸ್ನಾನ, ಮದುವೆ, ಸಮಾಧಿ ದಾಖಲೆಗಳ ಪ್ರತಿಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಕೆಜಿಎಫ್‌ನ ಅಥವಾ ಬೆಂಗಳೂರಿನ ಆಂಗ್ಲೋ-ಇಂಡಿಯನ್ ಮನೆಗಳವರು ಅಲ್ಲಿಂದಲೇ ಶುರುಮಾಡಬಹುದು. ಅದಕ್ಕೂ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು, ಅವರಿಗೆ ನೆನಪಿರುವ ಹೆಸರು, ಊರುಗಳನ್ನೆಲ್ಲ ಬರೆದುಕೊಳ್ಳಿ.