ನೀಲಿ ಲೇಸರ್ ಆಟಿಕೆಯಲ್ಲ, ಜೋಕೆ!

ಪುಟಾಣಿಗಳೇ, ಕೆ.ಆರ್. ನಗರದ ಕಡೆಯ ಚುಂಚನಕಟ್ಟೆ ಜಾತ್ರೆಯಿರಲಿ, ಪಿರಿಯಾಪಟ್ಟಣದ ಕಡೆಯ ಬೆಟ್ಟದಪುರದ ಜಾತ್ರೆಯಿರಲಿ, ಪೀಪಿ-ಬಲೂನುಗಳ ನಡುವೆ ಪೆನ್ನಿನಂಥ ಲೇಸರ್ ಲೈಟು ಕಂಡರೆ ನಿಮಗೆ ಆಸೆಯಾಗುವುದು ಸಹಜ. ಸ್ವಲ್ಪ ದೊಡ್ಡವರಾದ ಅಣ್ಣಂದಿರಿಗೆ ಇನ್ನೊಂದು ಆಸೆ. ಹಳೆಯ ಪ್ರೊಜೆಕ್ಟರಿನ ಬಿಡಿಭಾಗ ತೆಗೆದು, ಕಾಗದ ಸುಡುವಷ್ಟು ಬಲದ ನೀಲಿ ಲೇಸರ್ ಅನ್ನು ಮನೆಯಲ್ಲೇ ಮಾಡಬೇಕೆಂದು! ಈ ಆಸೆಯನ್ನು ಯಾಕೆ ಬಿಡಬೇಕು ಎಂಬುದನ್ನು ತಾತ-ಅಜ್ಜಿಯರೂ ಮೊಮ್ಮಕ್ಕಳೂ ಕೂಡಿಯೇ ಓದಿ.

ಮನೆಯ 9 ವ್ಯಾಟಿನ ಬಲ್ಬಿನಿಂದ ಕಣ್ಣಿಗೇನೂ ಆಗುವುದಿಲ್ಲ. ಹಾಗಾದರೆ 1 ವ್ಯಾಟಿನ ಲೇಸರ್‌ಗೆ ಹೆದರುವುದೇಕೆ? ಬಲ್ಬಿನ ಬೆಳಕು ಕೋಣೆಯ ತುಂಬ ಹರಡುತ್ತದೆ. ಲೇಸರ್ ಬೆಳಕು ಹರಡದೆ ಒಂದೇ ಎಳೆಯಾಗಿ ಸಾಗುತ್ತದೆ. ಭೂತಗನ್ನಡಿಯಿಂದ ಬಿಸಿಲನ್ನು ಒಂದು ಚುಕ್ಕಿಗೆ ತಂದರೆ ಕಾಗದ ಸುಡುತ್ತದಲ್ಲವೇ? ನಮ್ಮ ಕಣ್ಣಿನ ಮಸೂರವೂ ಒಂದು ಭೂತಗನ್ನಡಿಯೇ. ಲೇಸರ್‌ನ ಎಳೆಯನ್ನು ಅದು ಇನ್ನಷ್ಟು ಕಿರಿದಾಗಿಸಿ, ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಬೀಳಿಸುತ್ತದೆ.

ಜೋರು ಬೆಳಕು ಬಿದ್ದಾಗ ರೆಪ್ಪೆ ಮುಚ್ಚಿಕೊಳ್ಳಲು ಸುಮಾರು ಕಾಲು ಸೆಕೆಂಡ್ ಬೇಕು. 1 ಮಿಲಿವ್ಯಾಟಿನ ಲೇಸರ್‌ಗೆ ಅಷ್ಟು ರಕ್ಷಣೆ ಸಾಕು. 1 ವ್ಯಾಟ್ ಎಂದರೆ ಅದರ 1000 ಪಟ್ಟು! ರೆಪ್ಪೆ ಮುಚ್ಚುವ ಮೊದಲೇ ಅಕ್ಷಿಪಟಲ ಸುಟ್ಟಿರುತ್ತದೆ. ಅಲ್ಲಿ ನೋವು ತಿಳಿಸುವ ನರಗಳಿಲ್ಲ, ಹಾಗಾಗಿ ಸುಟ್ಟದ್ದು ಆಗಲೇ ಗೊತ್ತಾಗದಿರಬಹುದು. ಆಮೇಲೆ ನೋಡಿದರೆ ಅಜ್ಜಿಯ ಮುಖದ ನಡುವೆಯೇ ಕಪ್ಪು ಚುಕ್ಕಿ, ಬೋರ್ಡಿನ ಅಕ್ಷರ ಮಾಯ. ಸತ್ತ ಅಕ್ಷಿಪಟಲದ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ. ಸ್ಟೀಲ್ ತಟ್ಟೆಗೋ ಕಿಟಕಿಯ ಗಾಜಿಗೋ ಬಡಿದು ವಾಪಸು ಬಂದ ಲೇಸರ್ ಕೂಡ ಅಪಾಯಕಾರಿ. ಕೂಲಿಂಗ್ ಗ್ಲಾಸ್ ಅದನ್ನು ತಡೆಯದು.

ಪೆನ್ನಿನ ಮೇಲೆ ಬರೆದಿರುವುದನ್ನು ನಂಬೋಣವೆಂದರೆ ಅದೂ ಕಷ್ಟ. 2013ರಲ್ಲಿ ಅಮೆರಿಕದ ಸರ್ಕಾರಿ ಅಳತೆ ಸಂಸ್ಥೆಯೊಂದು 122 ಲೇಸರ್ ಪಾಯಿಂಟರ್‌ಗಳನ್ನು ಪರೀಕ್ಷಿಸಿತು. ಹಸಿರು ಬಣ್ಣದವುಗಳಲ್ಲಿ ಸುಮಾರು ಶೇ. 90, ಕೆಂಪು ಬಣ್ಣದವುಗಳಲ್ಲಿ ಶೇ. 44 ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದಲಿಲ್ಲ!

ಹುಣಸೂರು, ಎಚ್.ಡಿ. ಕೋಟೆಯ ಕಾಡಂಚಿನ ಹೊಲಗಳಿಗೆ ರಾತ್ರಿ ಆನೆ ಬರುವುದುಂಟು. ಅವುಗಳ ಮೇಲೂ ಲೇಸರ್ ಬಿಡಬಾರದು. ಆನೆಯ ಕಣ್ಣೂ ಕಣ್ಣೇ. ಬಸ್ಸು, ಬೈಕು, ವಿಮಾನಗಳತ್ತ ಬಿಟ್ಟರೆ ಓಡಿಸುವವರ ಕಣ್ಣು ಕತ್ತಲಿಟ್ಟು ಹಲವರ ಪ್ರಾಣಕ್ಕೇ ಕುತ್ತು.

ಹಾಗೆಂದು ನೀಲಿ ಬೆಳಕಿನ ಮೇಲೆ ಮುನಿಸು ಬೇಡ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು. ನಮ್ಮ ಮನೆಯ ಬಿಳಿ ಎಲ್‌ಇಡಿ ಬಲ್ಬಿನೊಳಗೆ ಹೊಳೆಯುವುದೂ ನೀಲಿ ಬೆಳಕೇ. ಅದರ ಮೇಲಿನ ಹಳದಿ ಲೇಪದಿಂದಾಗಿ ನಮಗೆ ಬಿಳಿಯಾಗಿ ಕಾಣುತ್ತದೆ.

ಈಗ ಒಂದು ಪ್ರಯೋಗ. ಗಾಜಿನ ಲೋಟದ ತುಂಬ ನೀರು ತೆಗೆದುಕೊಂಡು ಎರಡು ಮೂರು ತೊಟ್ಟು ಹಾಲು ಹಾಕಿ ಕಲಕಿ. ಕೋಣೆಯನ್ನು ಕತ್ತಲೆ ಮಾಡಿ, ಒಂದು ಪಕ್ಕದಿಂದ ಸಣ್ಣ ಟಾರ್ಚ್ ಬಿಡಿ. ಬದಿಯಿಂದ ನೋಡಿದರೆ ನೀರು ತುಸು ನೀಲಿ! ಟಾರ್ಚಿನ ಎದುರು ಗೋಡೆಗೆ ಬಿಳಿ ಹಾಳೆ ಹಿಡಿದರೆ, ಲೋಟ ದಾಟಿ ಬಂದ ಬೆಳಕು ತುಸು ಹಳದಿ. ಹಾಲಿನ ಸೂಕ್ಷ್ಮ ಕಣಗಳು ನೀಲಿಯನ್ನೇ ಹೆಚ್ಚಾಗಿ ಚದುರಿಸುತ್ತವೆ. ಗಾಳಿಯೂ ಹೀಗೆಯೇ ಬೆಳಕನ್ನು ಚದುರಿಸುವುದರಿಂದ ಆಕಾಶ ನೀಲಿ.

1921ರಲ್ಲಿ ಹಡಗಿನಲ್ಲಿ ಬರುತ್ತಿದ್ದ ಸಿ.ವಿ. ರಾಮನ್ ಅವರಿಗೂ ಸಮುದ್ರ ಯಾಕೆ ನೀಲಿ ಎಂಬ ಪ್ರಶ್ನೆ ಕಾಡಿತು. ಅದರ ಬೆನ್ನು ಹತ್ತಿ 1928ರ ಫೆಬ್ರವರಿ 28ರಂದು ಅವರು ರಾಮನ್ ಪರಿಣಾಮವನ್ನು ಕಂಡುಕೊಂಡರು. ಮೊದಲ ಲೇಸರ್ ಹುಟ್ಟಿದ್ದೇ 1960ರಲ್ಲಿ!

ತಾತ-ಅಜ್ಜಿಯರೇ, ಮನೆಯಲ್ಲಿ ಲೇಸರ್ ಪೆನ್ನಿದ್ದರೆ ಮಕ್ಕಳ ಕೈಗೆ ಕೊಡಬೇಡಿ. ಯಾರ ಕಣ್ಣಿಗಾದರೂ ಲೇಸರ್ ಬಿದ್ದಿದ್ದರೆ ಬೈಯುತ್ತಾ ಕೂರಬೇಡಿ. ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿಸಿ. ಅಕ್ಷರ ಸೊಟ್ಟಗೆ ಕಂಡರೂ, ಮಸುಕಾದರೂ, ಅನುಮಾನ ಉಳಿದರೂ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ಬೈಗುಳಕ್ಕೆ ಹೆದರಿ ಮಗು ವಿಷಯ ಮುಚ್ಚಿಟ್ಟರೆ ನಷ್ಟ ಮಗುವಿನ ಕಣ್ಣಿಗೇ.